ಮೂವತ್ತನೇ ಚುಕ್ಕೆ

ದೊಡ್ಡ ಡಾಕ್ಟರ ಕೈಚಳಕದ ಬಗ್ಗೆ ಆ ಆಸ್ಪತ್ರೆಯಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು. ಅರಿವಳಿಕೆ ಕೊಡುವ ಡಾಕ್ಟರು ಪೇಪರಿನ ಮೊದಲ ಪುಟ ಓದಿ ಮುಗಿಸುವುದರೊಳಗೆ ಇವರು ಹರ್ನಿಯಾ ಹೊಲಿದು ಕೈ ತೊಳೆಯುತ್ತಿರುತ್ತಾರೆ ಎಂದು. ಮಾತು ನಿಜವೇ. ಅದನ್ನು ಮೊದಲು ಹೇಳಿದವರು ಸ್ವತಃ ದೊಡ್ಡ ಡಾಕ್ಟರು ಎನ್ನುವುದೂ ಅಷ್ಟೇ ನಿಜ.

ಹರ್ನಿಯಾ ಎಂದರೆ ಹೊಟ್ಟೆಯ ಗೋಡೆಯಲ್ಲಿ ಒಂದು ತೂತು. ಆ ತೂತಿನಿಂದ ಕರುಳು ಹೊರಗೆ ಇಣುಕುತ್ತದೆ, ತೊಡೆಯ ಸಂದಿಯಲ್ಲಿ ಉಬ್ಬಿಕೊಂಡು ನಿಲ್ಲುತ್ತದೆ. ಅದನ್ನು ಒಳಕ್ಕೆ ತಳ್ಳಿ, ಬಲೆಯಂಥ ಒಂದು ತೇಪೆ ಇಟ್ಟು ಹೊಲಿದರೆ ಮುಗಿಯಿತು. ದೊಡ್ಡ ಡಾಕ್ಟರು ಮೂವತ್ತು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದರು. ಸರಾಸರಿ ಮೂವತ್ತೈದು ನಿಮಿಷ. ನರ್ಸುಗಳು ಬೆನ್ನ ಹಿಂದೆ "ಮೂವತ್ತೈದು ಬಂತು, ಏಳ್ರೇ" ಎಂದು ಪಿಸುಗುಟ್ಟುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬಿದ್ದ ಮೇಲೆ ಅವರ ನಡಿಗೆಯೇ ಬದಲಾಗಿತ್ತು. ಆಡಿಕೊಳ್ಳಲು ಇಟ್ಟ ಹೆಸರನ್ನು ಬಿರುದು ಎಂದುಕೊಂಡು ಹೊತ್ತು ತಿರುಗುವವರು ಎಲ್ಲ ಕಡೆಯೂ ಇರುತ್ತಾರೆ.

ಇಂಥವರ ಎದುರಿಗೆ ಒಂದು ಸೋಮವಾರ ರೋಬೋ ಬಂದು ನಿಂತಿತು.

ನಾಲ್ಕು ಕೈ, ಮೈತುಂಬ ಪ್ಲಾಸ್ಟಿಕ್ ಹೊದಿಕೆ, ಬಾಗಿಲಿಗಿಂತ ಒಂದು ಗೇಣು ಎತ್ತರ. ಅದು ಒಳಗೆ ಬರಲೆಂದು ಆಪರೇಷನ್ ಥಿಯೇಟರಿನ ಬಾಗಿಲ ಚೌಕಟ್ಟನ್ನೇ ಒಡೆಯಬೇಕಾಯಿತು. ಆಪರೇಷನ್ ಮಾಡುವವರು ಇನ್ನು ಪೇಷಂಟಿನ ಹತ್ತಿರ ನಿಲ್ಲುವ ಹಾಗಿಲ್ಲ. ಮೂಲೆಯಲ್ಲಿಟ್ಟ ಒಂದು ಪೆಟ್ಟಿಗೆಯ ಮುಂದೆ ಕೂತು, ಅದರ ಗೂಡಿನೊಳಗೆ ತಲೆ ಇಟ್ಟು, ಬೆರಳುಗಳಿಗೆ ಉಂಗುರದಂಥದ್ದು ಸಿಕ್ಕಿಸಿಕೊಂಡು, ಕಾಲಲ್ಲಿ ಪೆಡಲು ತುಳಿಯಬೇಕು. ಇಲ್ಲಿ ಬೆರಳಾಡಿಸಿದರೆ ಅಲ್ಲಿ ಪೇಷಂಟಿನ ಹೊಟ್ಟೆಯೊಳಗೆ ಸಣ್ಣ ಇಕ್ಕಳ ಆಡುತ್ತದೆ. ಒಳಗಿನದೆಲ್ಲ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಆದರೆ ಏನನ್ನು ಹಿಡಿದರೂ ಹಿಡಿದದ್ದು ಕೈಗೆ ತಿಳಿಯುವುದಿಲ್ಲ. ಥಿಯೇಟರಿನವರು ಆ ಪೆಟ್ಟಿಗೆಗೆ ಗೂಡು ಎಂದೇ ಹೆಸರಿಟ್ಟರು.

ಮೊದಲ ಆಪರೇಷನ್ನು ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು. ರೋಬೋದ ಎರಡು ಕೈಗಳು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡವು. ದಾರ ಮೂರು ಸಲ ತುಂಡಾಯಿತು.

"ಈ ದಾರ ಸರಿ ಇಲ್ಲ," ಎಂದರು ದೊಡ್ಡ ಡಾಕ್ಟರು ಗೂಡಿನೊಳಗಿಂದ.

"ಮೂವತ್ತು ವರ್ಷದಿಂದ ಇದೇ ದಾರ ಸರ್," ಎಂದರು ಥಿಯೇಟರಿನ ಹೆಡ್ ಸಿಸ್ಟರು. ಅವರಿಗೂ ಅಲ್ಲಿ ಅಷ್ಟೇ ವರ್ಷವಾಗಿತ್ತು. ಹೆದರಿಕೆ ಎನ್ನುವುದನ್ನು ಇಪ್ಪತ್ತು ವರ್ಷದ ಹಿಂದೆಯೇ ಬಿಟ್ಟಿದ್ದರು.

ಅರಿವಳಿಕೆಯ ಡಾಕ್ಟರು ಆ ದಿನ ಪೇಪರಿನ ಕ್ರೀಡಾ ಪುಟ, ವರ್ಗೀಕೃತ ಜಾಹೀರಾತು, ನಿಧನ ವಾರ್ತೆ ಎಲ್ಲ ಮುಗಿಸಿ ಪದಬಂಧಕ್ಕೆ ಇಳಿದಿದ್ದರು.

ಸಂಜೆಯ ಹೊತ್ತು ಅಭ್ಯಾಸ ಬೇರೆ ಮಾಡಬೇಕಿತ್ತು. ಗೂಡಿನ ಪರದೆಯಲ್ಲಿ ಬಣ್ಣದ ಬಳೆಗಳು ಬರುತ್ತವೆ. ಅವನ್ನು ಒಂದೊಂದಾಗಿ ಎತ್ತಿ ಗೂಟಕ್ಕೆ ಹಾಕಬೇಕು. ಹಾಕಿದ್ದಕ್ಕೆ ಮಷಿನ್ನೇ ಅಂಕ ಕೊಡುತ್ತದೆ. ಐವತ್ತೆಂಟು ವರ್ಷದ ಮನುಷ್ಯನಿಗೆ ಅದು ನೂರಕ್ಕೆ ನಲವತ್ತೊಂದು ಕೊಟ್ಟು "ಇನ್ನೊಮ್ಮೆ ಪ್ರಯತ್ನಿಸಿ" ಎಂದಿತು. ಮನೆಗೆ ಹೋಗಿ ಹೆಂಡತಿಯ ಹತ್ತಿರ ಹೇಳಿಕೊಂಡರು.

"ಪಾಪ, ಮಷಿನ್ನಿಗೇನು ಗೊತ್ತು ನೀವು ಯಾರು ಅಂತ," ಎಂದು ಆಕೆ ಒಗೆದ ಬಟ್ಟೆ ಮಡಿಸುವುದನ್ನು ಮುಂದುವರಿಸಿದರು. ಅದು ಸಮಾಧಾನವೋ ಚುಚ್ಚೋ ಎಂದು ದೊಡ್ಡ ಡಾಕ್ಟರಿಗೆ ಊಟ ಮುಗಿಯುವವರೆಗೂ ಬಗೆಹರಿಯಲಿಲ್ಲ.

ನಿಯಮ ಸರಳವಾಗಿತ್ತು. ಮೂವತ್ತು ಆಪರೇಷನ್ನು ಮಾಡಬೇಕು. ಒಂದೊಂದಕ್ಕೂ ಹಿಡಿದ ಹೊತ್ತನ್ನು ಥಿಯೇಟರಿನ ಹೊರಗೆ ಅಂಟಿಸಿದ ಹಾಳೆಯ ಮೇಲೆ ಚುಕ್ಕೆ ಇಟ್ಟು ತೋರಿಸಬೇಕು. ಚುಕ್ಕೆಗಳನ್ನು ಸೇರಿಸಿದ ಗೆರೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬಂದು ಒಂದು ಮಟ್ಟಕ್ಕೆ ನಿಂತರೆ ಕಲಿತ ಹಾಗೆ. ಅದಕ್ಕೆ ಕಲಿಕೆಯ ಗೆರೆ ಎಂದು ಹೆಸರು. ಕೊನೆಗೆ, ಈ ಮಷಿನ್ನಿನಲ್ಲಿ ಪಳಗಿದ ಬೇರೊಬ್ಬ ಸರ್ಜನ್ನು "ಇವರಿಗೆ ಬಂತು" ಎಂದು ಸಹಿ ಹಾಕಬೇಕು. ಆಮೇಲೆ ದೊಡ್ಡ ಡಾಕ್ಟರೇ ಬೇರೆಯವರಿಗೆ ಕಲಿಸಬಹುದು. ಆಡಳಿತದವರು ಆಗಲೇ ಅವರ ಫೋಟೋ ತೆಗೆಸಿಯಾಗಿತ್ತು. ರೋಬೋದ ಪಕ್ಕದಲ್ಲಿ ಕೈ ಕಟ್ಟಿ ನಿಂತು ದೂರದಲ್ಲೇನನ್ನೋ ದಿಟ್ಟಿಸುತ್ತಿರುವ ಫೋಟೋ. ಅವರು ದಿಟ್ಟಿಸುತ್ತಿದ್ದದ್ದು ಬೆಂಕಿ ಆರಿಸುವ ಸಿಲಿಂಡರನ್ನು.

ಸಹಿ ಹಾಕಬೇಕಾದ ಸರ್ಜನ್ನು ಯಾರು ಎಂದು ತಿಳಿದ ದಿನ ಅವರು ಮಧ್ಯಾಹ್ನದ ಊಟ ಬಿಟ್ಟರು. ಆಕೆ ಅವರ ಕೈಕೆಳಗೇ ಕಲಿತವಳು. ಆಗ ಅವಳಿಗೆ ಅವರು ಇಟ್ಟ ಹೆಸರು ಬಸವನಹುಳು. "ನೀನು ಒಂದು ಹೊಲಿಗೆ ಹಾಕೋ ಹೊತ್ತಿಗೆ ಪೇಷಂಟಿಗೆ ವಯಸ್ಸಾಗಿ ಇನ್ನೊಂದು ಹರ್ನಿಯಾ ಬರುತ್ತಮ್ಮ," ಎಂದು ಹತ್ತು ಜನರ ಮುಂದೆ ನಗಿಸಿದ್ದರು. ಅವಳೂ ನಕ್ಕಿದ್ದಳು, ನಗದೆ ಇರಲು ಆಗ ಧೈರ್ಯವಿರಲಿಲ್ಲ. ಈಗ ಅವಳಿಗೆ ನಲವತ್ತಮೂರು. ಬೇರೆ ಆಸ್ಪತ್ರೆಯಲ್ಲಿ ಈ ಮಷಿನ್ನಿನ ಮೇಲೆ ಆರುನೂರು ಆಪರೇಷನ್ನು ಮಾಡಿ ಮುಗಿಸಿದ್ದಳು. ಪ್ರತಿ ಮಂಗಳವಾರ ಬಂದು ಪಕ್ಕದ ಎರಡನೇ ಗೂಡಿನಲ್ಲಿ ಕೂರುತ್ತಿದ್ದಳು. ಅವಳ ಗೂಡಿನಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ದೊಡ್ಡ ಡಾಕ್ಟರ ಕೈಯಲ್ಲಿದ್ದ ಇಕ್ಕಳ ಅವಳ ಕೈಗೆ ಹೋಗುತ್ತಿತ್ತು. ಮೊದಲ ಐದು ವಾರದಲ್ಲಿ ಅವಳು ಅದನ್ನು ಹನ್ನೊಂದು ಸಲ ಒತ್ತಿದಳು. ಪ್ರತಿ ಸಲವೂ "ಒಂದ್ನಿಮಿಷ ಸರ್" ಎಂದು ಮೆತ್ತಗೆ ಹೇಳಿಯೇ ಒತ್ತುತ್ತಿದ್ದಳು. ಆ ಮೆತ್ತಗಿನ ದನಿ ಅವರಿಗೆ ಕಪಾಳಕ್ಕೆ ಹೊಡೆದ ಹಾಗಿರುತ್ತಿತ್ತು.

ಗೆರೆ ಇಳಿಯಲೇಬೇಕಿತ್ತು. ಕೈ ಅಷ್ಟು ಬೇಗ ಇಳಿಸುವ ಹಾಗೆ ಕಾಣಲಿಲ್ಲ. ಆದ್ದರಿಂದ ದೊಡ್ಡ ಡಾಕ್ಟರು ತಲೆ ಓಡಿಸಿದರು.

ಮೊದಲು ಗಡಿಯಾರಕ್ಕೆ ಕೈ ಹಾಕಿದರು. ಹೊತ್ತು ಎಣಿಸಬೇಕಾದದ್ದು ತಾವು ಗೂಡಿನೊಳಗೆ ತಲೆ ಇಟ್ಟ ಕ್ಷಣದಿಂದ, ತೆಗೆದ ಕ್ಷಣದವರೆಗೆ ಮಾತ್ರ ಎಂದು ಸಿಸ್ಟರಿಗೆ ಅಪ್ಪಣೆ ಮಾಡಿದರು. ರೋಬೋವನ್ನು ಪೇಷಂಟಿನ ಹತ್ತಿರ ತಂದು ನಿಲ್ಲಿಸುವ ಮುಕ್ಕಾಲು ಗಂಟೆ ಲೆಕ್ಕಕ್ಕಿಲ್ಲ. ಕೊನೆಯ ಹೊಲಿಗೆಗಳೂ ಲೆಕ್ಕಕ್ಕಿಲ್ಲ. ಒಂದು ದಿನ ನಡುವೆ ಸೀನು ಬಂತೆಂದು ತಲೆ ಹೊರಗೆ ತೆಗೆದರು, "ಗಡಿಯಾರ ನಿಲ್ಲಿಸಿ ಸಿಸ್ಟರ್!" ಎಂದು ಕೂಗಿ ಆಮೇಲೆ ಸೀನಿದರು.

"ಪೇಷಂಟ್‌ಗೂ ಹೇಳ್ಲಾ ಸರ್, ಉಸಿರಾಟ ನಿಲ್ಲಿಸ್ಕೊಂಡಿರು ಅಂತ?" ಎಂದರು ಸಿಸ್ಟರು.

ಆಮೇಲೆ ಪೇಷಂಟುಗಳಿಗೆ ಕೈ ಹಾಕಿದರು. ಹೊರರೋಗಿಗಳ ಕೋಣೆಯಲ್ಲಿ ಕೂತು, ಬೆಂಡೆಕಾಯಿಯ ತುದಿ ಮುರಿದು ಎಳೆಯದನ್ನು ಆರಿಸುವ ಹಾಗೆ, ಬಂದವರಲ್ಲಿ ಎಳಸು ಹರ್ನಿಯಾ ಆರಿಸತೊಡಗಿದರು. ಮೂವತ್ತರೊಳಗಿನವರು, ತೆಳ್ಳಗಿನವರು, ಗೋಲಿಯಷ್ಟು ಉಬ್ಬು ಇದ್ದವರು, ಹಿಂದೆ ಯಾವ ಆಪರೇಷನ್ನೂ ಆಗದವರು. ಇಂಥವರನ್ನು ಅವರು ಬರಿಗೈಯಲ್ಲಿ ಮೂವತ್ತು ನಿಮಿಷಕ್ಕೆ ಮುಗಿಸಿ ಮನೆಗೆ ಕಳಿಸಬಹುದಿತ್ತು. ಈಗ ಅವರನ್ನು ಎರಡು ಗಂಟೆ ಮಲಗಿಸಿ, ಐವತ್ತೆಂಟು ನಿಮಿಷ ಎಂದು ಬರೆಸಿ, "ನಿಮ್ಮದು ರೋಬೋದಲ್ಲೇ ಮಾಡಿದ್ದು" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಅವರು ಹೊರಗೆ ಹೋಗಿ ಊರಿಗೆಲ್ಲ ಹೇಳಿಕೊಂಡು ಬಂದರು. ದಪ್ಪಗಿದ್ದವರಿಗೆ, ಕೆಮ್ಮುವವರಿಗೆ, ಹಳೆಯ ಆಪರೇಷನ್ನು ಕೆಟ್ಟು ಬಂದವರಿಗೆ, ಅಂದರೆ ಯಾರಿಗಾಗಿ ಆ ಮಷಿನ್ನು ಇರುವುದೋ ಅವರಿಗೆಲ್ಲ, "ನಿಮಗೆ ಇದು ಹೊಂದಲ್ಲ" ಎಂಬ ಉತ್ತರ ಸಿಗುತ್ತಿತ್ತು.

ಗೆರೆ ಇಳಿಯಿತು. ಜಾರುಬಂಡೆಯ ಹಾಗೆ ಅಚ್ಚುಕಟ್ಟಾಗಿ ಇಳಿಯಿತು. ದೊಡ್ಡ ಡಾಕ್ಟರು ಥಿಯೇಟರಿಗೆ ಹೋಗುವಾಗಲೂ ಬರುವಾಗಲೂ ಅದರ ಮುಂದೆ ಶೂ ಲೇಸು ಕಟ್ಟುವ ನೆಪದಲ್ಲಿ ನಿಲ್ಲುತ್ತಿದ್ದರು. ಸಿಸ್ಟರಿಗೆ ಗೊತ್ತಿತ್ತು, ಅವರ ಶೂಗೆ ಲೇಸೇ ಇರಲಿಲ್ಲ.

ಹೊಂದಲ್ಲ ಎನಿಸಿಕೊಂಡವರಲ್ಲಿ ಲಿಫ್ಟಿನವನೂ ಒಬ್ಬ.

ಪೇಷಂಟುಗಳ ಮಂಚ ಹೋಗುವ ದೊಡ್ಡ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು, ಜಾಲರಿ ಬಾಗಿಲು ಎಳೆದು ಮುಚ್ಚುವುದು ಅವನ ಕೆಲಸ. ಮೊದಲು ಸ್ಟ್ರೆಚರ್ ತಳ್ಳುತ್ತಿದ್ದ. ಏಳು ವರ್ಷದ ಹಿಂದೆ ಹರ್ನಿಯಾ ಆಗಿ ದೊಡ್ಡ ಡಾಕ್ಟರೇ ಆಪರೇಷನ್ನು ಮಾಡಿದ್ದರು, ಇಪ್ಪತ್ತೆಂಟು ನಿಮಿಷದಲ್ಲಿ. ಅದು ಅವರ ಜೀವಮಾನದ ದಾಖಲೆ. ಲಿಫ್ಟಿನವನಿಗೆ ಅದರ ಹೆಮ್ಮೆ ಅವರಿಗಿಂತ ಹೆಚ್ಚು. ನೆಲಮಹಡಿಯಲ್ಲಿ ಹತ್ತಿದ ಹೊಸಬರಿಗೆ ನಾಲ್ಕನೇ ಮಹಡಿ ಬರುವುದರೊಳಗೆ, "ನಂದು ಇಪ್ಪತ್ತೆಂಟೇ ನಿಮಿಷ! ಇವತ್ತಿನವರೆಗೂ ಯಾರೂ ಮುರಿದಿಲ್ಲ," ಎಂದು ಹೇಳಿ ಮುಗಿಸುತ್ತಿದ್ದ. ಎರಡು ವರ್ಷ ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಉಬ್ಬು ಬಂತು. ದೊಡ್ಡ ಡಾಕ್ಟರು ಒತ್ತಿ ನೋಡಿ, "ನನ್ನ ಹೊಲಿಗೆ ಬಿಚ್ಚೋದಿಲ್ಲ. ನೀನು ಏನೋ ಭಾರ ಎತ್ತಿದೀಯ," ಎಂದರು. ಅವನು ತಲೆ ತಗ್ಗಿಸಿದ. ಎತ್ತಿದ್ದು ನಿಜವಿತ್ತು. ಸೊಂಟಕ್ಕೆ ಬೆಲ್ಟು ಬಂತು, ಸ್ಟ್ರೆಚರ್ ಹೋಗಿ ಲಿಫ್ಟಿನ ಸ್ಟೂಲು ಬಂತು. ಐದು ವರ್ಷ ಹಾಗೇ ನಡೆಯಿತು.

ಈಚೆಗೆ ಅದು ನಿಂಬೆಹಣ್ಣಿನಿಂದ ಕಿತ್ತಳೆಯ ಗಾತ್ರಕ್ಕೆ ಬೆಳೆದಿತ್ತು. ಮೊದಲೆಲ್ಲ ಮಲಗಿದರೆ ತಾನೇ ಒಳಗೆ ಹೋಗುತ್ತಿತ್ತು. ಈಗ ಕಾಲು ಗಂಟೆ ಒತ್ತಿದರೂ ಅರ್ಧ ಹೊರಗೇ ಉಳಿಯುತ್ತಿತ್ತು. ಹಾಗೆ ಹೊರಗೆ ಬಂದ ಕರುಳು ಒಂದು ದಿನ ತೂತಿನಲ್ಲಿ ಸಿಕ್ಕಿಹಾಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಕೊಳೆಯುತ್ತದೆ, ಮನುಷ್ಯ ಉಳಿಯುವುದು ಕಷ್ಟ. ಇದು ಹರ್ನಿಯಾದ ಪಾಠದ ಮೊದಲ ಪುಟದಲ್ಲೇ ಇರುವ ಮಾತು. ಲಿಫ್ಟಿನವನಿಗೆ ಆ ಪಾಠ ಗೊತ್ತಿರಲಿಲ್ಲ, ನೋವು ಗೊತ್ತಿತ್ತು.

"ಸಾರ್, ನಂದೂ ಆ ಮಷಿನ್ನಲ್ಲಿ ಮಾಡಕ್ಕಾಗುತ್ತಾ?" ಎಂದು ಒಂದು ದಿನ ಲಿಫ್ಟಿನಲ್ಲಿ ಕೇಳಿದ.

"ಮೊದಲು ತೂಕ ಇಳಿಸು. ನೋಡೋಣ," ಎಂದರು ದೊಡ್ಡ ಡಾಕ್ಟರು, ಲಿಫ್ಟಿನ ಕನ್ನಡಿಯಲ್ಲಿ ತಲೆಕೂದಲು ಸರಿಮಾಡಿಕೊಳ್ಳುತ್ತಾ.

"ಇವತ್ತು ಎಷ್ಟನೇದು ಸಾರ್?"

"ಇಪ್ಪತ್ತೆರಡು."

"ಬೇಗ ಮೂವತ್ತಾಗಲಿ ಸಾರ್," ಎಂದು ಅವನು ಮನಸಾರೆ ಹಾರೈಸಿ, ಎಡಗೈಯಿಂದ ತೊಡೆಯ ಸಂದಿ ಒತ್ತಿಹಿಡಿದು ಎದ್ದು ಬಾಗಿಲು ತೆಗೆದ. ದೊಡ್ಡ ಡಾಕ್ಟರು ದಿನಕ್ಕೆ ನಾಲ್ಕು ಸಲ ಆ ಲಿಫ್ಟಿನಲ್ಲಿ ಓಡಾಡುತ್ತಿದ್ದರು. ಆ ಎಡಗೈಯನ್ನು ಅವರು ಒಂದು ಸಲವೂ ನೋಡಲಿಲ್ಲ.

ನೋಡಿದವಳು ಬಸವನಹುಳು. ವಾರಕ್ಕೊಂದು ಸಲ ಬರುವವಳಿಗೆ ಕಂಡಿತು.

ಮೂವತ್ತನೆಯ ಆಪರೇಷನ್ನಿನ ಹಿಂದಿನ ವಾರ ಅವಳು ದೊಡ್ಡ ಡಾಕ್ಟರ ಕೋಣೆಗೆ ಬಂದಳು. ಸಿಸ್ಟರು ಮೇಜಿನ ಮೇಲೆ ಮುಂದಿನ ಮಂಗಳವಾರದ ಪಟ್ಟಿ ಇಡುತ್ತಿದ್ದರು. ಮೂವತ್ತನೆಯವನಾಗಿ ದೊಡ್ಡ ಡಾಕ್ಟರು ಒಬ್ಬ ಈಜುಗಾರನನ್ನು ಆರಿಸಿಟ್ಟಿದ್ದರು. ಮೈಯಲ್ಲಿ ಒಂದು ತೊಲ ಕೊಬ್ಬಿಲ್ಲ, ಹರ್ನಿಯಾ ಇದೆಯೋ ಇಲ್ಲವೋ ಎಂದು ಎರಡು ಸಲ ಹುಡುಕಬೇಕು. ಗೆರೆಯ ತುದಿಗೆ ಮುತ್ತಿಟ್ಟ ಹಾಗಿರುತ್ತಿತ್ತು.

"ಇವರು ಬೇಡ ಸರ್," ಎಂದಳು ಅವಳು. "ಕೊನೆಯದನ್ನ ನಾನು ಆರಿಸ್ತೀನಿ. ಲಿಫ್ಟಿನವರದ್ದು ಮಾಡಿ."

"ಯಾರದು?" ಎಂದರು ದೊಡ್ಡ ಡಾಕ್ಟರು. ಅರ್ಥವಾಗಿತ್ತು, ಹೊತ್ತು ಬೇಕಿತ್ತು.

"ನಿಮ್ಮ ಲಿಫ್ಟಿನವರು. ಇವತ್ತು ಮುಟ್ಟಿ ನೋಡಿದೆ. ಪೂರ್ತಿ ಒಳಗೆ ಹೋಗ್ತಿಲ್ಲ. ಇನ್ನು ಕಾಯೋ ಹಾಗಿಲ್ಲ ಸರ್."

"ಅವನಿಗೆ ನಾನೇ ಮಾಡಿದ್ದು. ಅವನು ಭಾರ ಎತ್ತಿ ಕೆಡಿಸ್ಕೊಂಡಿದಾನೆ. ಬೇಕಾದರೆ ಮೊದಲಿನ ಹಾಗೆ ಕೈಯಲ್ಲೇ ಮಾಡ್ತೀನಿ, ಅರ್ಧ ಗಂಟೆ."

"ಮುಂದಿನಿಂದ ಒಂದು ಸಲ ಕುಯ್ದು ಹೊಲಿದಿರೋ ಜಾಗ. ಅಲ್ಲೇ ಮತ್ತೆ ಕುಯ್ದರೆ ನರ ಯಾವುದು, ಗಾಯದ ಗಂಟು ಯಾವುದು ಅಂತ ಗೊತ್ತಾಗಲ್ಲ. ಇಂಥವರಿಗೆ ಒಳಗಿನಿಂದ ಹೋಗಬೇಕು. ಇದನ್ನ ನನಗೆ ಕಲಿಸಿದ್ದು ನೀವೇ ಸರ್."

ದೊಡ್ಡ ಡಾಕ್ಟರಿಗೆ ಅದು ನೆನಪಿತ್ತು. ಅದಕ್ಕೇ ಸಿಟ್ಟು ನೆತ್ತಿಗೇರಿತು.

"ನಾಲ್ಕು ಗಂಟೆ ಹಿಡಿಯುತ್ತೆ ಕಣಮ್ಮ ಅದು! ನನ್ನ ಗೆರೆ ಏನಾಗಬೇಕು?"

ಹೇಳಿದ ಮೇಲೆ ಮಾತು ಅವರ ಕಿವಿಗೇ ಬಿತ್ತು. ಸಿಸ್ಟರು ಪಟ್ಟಿಯನ್ನು ಮೇಜಿನಿಂದ ಎತ್ತಿಕೊಂಡರು, ಜೇಬಿನಿಂದ ಪೆನ್ನು ತೆಗೆದರು, ಈಜುಗಾರನ ಹೆಸರನ್ನು ಹೊಡೆದುಹಾಕಿ ಅದರ ಮೇಲೆ ಲಿಫ್ಟಿನವನ ಹೆಸರು ಬರೆದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮುಖ ಹುಳ್ಳಗೆ ಮಾಡಿಕೊಂಡ ದೊಡ್ಡ ಡಾಕ್ಟರು ಕಿಟಕಿಯ ಕಡೆ ತಿರುಗಿದರು.

ಮಂಗಳವಾರ ಬಂತು. ಲಿಫ್ಟನ್ನು ಆ ದಿನ ಬೇರೆ ಯಾರೋ ನಡೆಸಿದರು; ಲಿಫ್ಟಿನವನು ತನ್ನದೇ ಲಿಫ್ಟಿನಲ್ಲಿ ಮಲಗಿಕೊಂಡು ಮೇಲೆ ಬಂದ. ಮಂಚದ ಮೇಲಿಂದಲೇ "ಬಾಗಿಲು ಮೆಲ್ಲಗೆ ಎಳೀಬೇಕಪ್ಪಾ, ಕೆಳಗಿನ ಕೀಲು ಸಡಿಲ ಇದೆ," ಎಂದು ಹೊಸಬನಿಗೆ ಹೇಳಿಕೊಡುತ್ತಿದ್ದನಂತೆ.

ದೊಡ್ಡ ಡಾಕ್ಟರು ಗೂಡಿನೊಳಗೆ ತಲೆ ಇಟ್ಟರು. ಸಿಸ್ಟರು ಗಡಿಯಾರ ನೋಡಿದರು. ಅವರ ಲೆಕ್ಕ ಆಗಲೇ ಶುರುವಾಗಿತ್ತು, ಪೇಷಂಟು ಬಾಗಿಲು ದಾಟಿದ ಕ್ಷಣದಿಂದ.

ಒಳಗೆ ಕರುಳಿನ ಒಂದು ಸುತ್ತು ತೂತಿಗೆ ಅಂಟಿಕೊಂಡು ಕೂತಿತ್ತು. ಎಳೆದರೆ ಹರಿಯುತ್ತದೆ. ಕೈಯಲ್ಲಾಗಿದ್ದರೆ ಬೆರಳಿಗೇ ತಿಳಿಯುತ್ತಿತ್ತು, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು. ಇಲ್ಲಿ ಬೆರಳು ಕಿವುಡು. ಕಣ್ಣಿನಿಂದಲೇ ನೋಡಬೇಕು, ನೋಡಿದ್ದನ್ನು ನಂಬುವ ಮೊದಲು ಇನ್ನೊಮ್ಮೆ ನೋಡಬೇಕು. ದೊಡ್ಡ ಡಾಕ್ಟರಿಗೆ ಹೆದರಿಕೆಯಾಯಿತು. ಮೂವತ್ತು ವರ್ಷದಲ್ಲಿ ಆಪರೇಷನ್ನು ಮಾಡುವಾಗ ಹೆದರಿದ್ದೇ ನೆನಪಿಲ್ಲ.

"ನೀನು ತಗೋ," ಎಂದರು ಮೆಲ್ಲಗೆ, ಪಕ್ಕದ ಗೂಡಿಗೆ ಮಾತ್ರ ಕೇಳುವ ಹಾಗೆ.

"ಕೈ ಬಿಟ್ಟುಹೋಗ್ತಿದೆ ಅಂದರೆ ತಗೋತೀನಿ ಸರ್. ಹಾಗೆ ಅನ್ನಿಸ್ತಿದೆಯಾ?"

ಅವರು ಪರದೆಯನ್ನೇ ನೋಡಿದರು. "ಇಲ್ಲ," ಎಂದರು. "ಪಕ್ಕದಲ್ಲಿರು."

ಕೂದಲೆಳೆಯಷ್ಟೇ ಬಿಡಿಸುತ್ತಾ ಹೋದರು. ಒಂದೂವರೆ ಗಂಟೆ ಹಿಡಿಯಿತು. ಸೀನು ಬರಲಿಲ್ಲ, ದಾರ ತುಂಡಾಗಲಿಲ್ಲ, ಅರಿವಳಿಕೆಯ ಡಾಕ್ಟರು ಪದಬಂಧ ಮಡಿಸಿಟ್ಟು ಎದ್ದು ಬಂದು ಗೋಡೆಯ ದೊಡ್ಡ ಪರದೆಯ ಮುಂದೆ ನಿಂತರು. ಕರುಳು ಕೊನೆಗೆ ಮೆಲ್ಲಗೆ ಜಾರಿ ಒಳಗೆ ಬಂತು. ಆಗ ತೂತು ಕಂಡಿತು.

ತೂತು ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಇರಬೇಕಾದ ಜಾಗದಲ್ಲಿ, ಏಳು ವರ್ಷದ ಹಿಂದೆ ಅವರು ಮುಚ್ಚಿದ ಗೋಡೆ ಬಿಗಿಯಾಗಿ, ಒಂದು ಸುಕ್ಕೂ ಇಲ್ಲದೆ ನಿಂತಿತ್ತು. ಅದರಿಂದ ಎರಡು ಬೆರಳು ಪಕ್ಕಕ್ಕೆ ಬೇರೆಯೇ ಒಂದು ತೂತು ಬಾಯಿ ತೆರೆದುಕೊಂಡಿತ್ತು. ಅದರ ಅಂಚು ನಯವಾಗಿ ಸವೆದು ಹೋಗಿತ್ತು. ಭಾರ ಎತ್ತಿ ನಿನ್ನೆ ಮೊನ್ನೆ ಹರಿದುಕೊಂಡದ್ದಲ್ಲ. ಇಂಥವರಿಗೆ ಒಂದೊಂದು ಸಲ ಎರಡು ತೂತು ಇರುತ್ತದೆ. ಒಂದನ್ನು ಕಂಡ ಮೇಲೆ ಇನ್ನೊಂದನ್ನು ಹುಡುಕಲೇಬೇಕು. ಹರ್ನಿಯಾದ ಪಾಠದ ಎರಡನೇ ಪುಟ ಅದು.

"ನಿಮ್ಮ ಹೊಲಿಗೆ ಬಿಚ್ಚಿಲ್ಲ ಸರ್," ಎಂದಳು ಬಸವನಹುಳು.

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅವರು ಸಿಟ್ಟಾಗಿ ಬದುಕಿಕೊಳ್ಳುತ್ತಿದ್ದರು. ಗೋಡೆಯ ಪರದೆಯಲ್ಲಿ ಎರಡೂ ಬಟ್ಟಲಿನಷ್ಟು ದೊಡ್ಡದಾಗಿ ಕಾಣುತ್ತಿದ್ದವು, ಅವರ ಅಚ್ಚುಕಟ್ಟಾದ ಕೆಲಸವೂ, ಅವರು ನೋಡದೆ ಬಿಟ್ಟದ್ದೂ. ಇಪ್ಪತ್ತೆಂಟು ನಿಮಿಷದ ದಾಖಲೆ ಹೇಗೆ ಆಯಿತು ಎನ್ನುವುದು ಅಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು.

ಎರಡನ್ನೂ ಸೇರಿಸಿ ಮುಚ್ಚುವ ಹಾಗೆ ದೊಡ್ಡ ತೇಪೆ ಹರಡಿ ಹೊಲಿದರು. ಒಂದೊಂದು ಹೊಲಿಗೆಯನ್ನೂ ನಿಂತು ನೋಡಿ ಹಾಕಿದರು. ಮುಗಿಸಿ ತಲೆ ಹೊರಗೆ ತೆಗೆದಾಗ ಹಣೆಯ ಮೇಲೆ ಗೂಡಿನ ಅಂಚಿನ ಗುರುತು ಕೆಂಪಗೆ ಮೂಡಿತ್ತು.

"ಎಷ್ಟು ಅಂತ ಬರೀಲಿ ಸರ್?" ಎಂದು ಸಿಸ್ಟರು ಕೇಳಿದರು.

"ಎಷ್ಟಾಗಿದೆಯೋ ಅಷ್ಟು."

ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಹಾಳೆಯಲ್ಲಿ ಅಷ್ಟು ಎತ್ತರಕ್ಕೆ ಜಾಗವೇ ಇರಲಿಲ್ಲ. ಸಿಸ್ಟರು ಔಷಧಿ ಡಬ್ಬಿಯ ರಟ್ಟು ಕತ್ತರಿಸಿ ಮೇಲೊಂದು ತುಂಡು ಅಂಟಿಸಿ ಅದರಲ್ಲಿ ಮೂವತ್ತನೇ ಚುಕ್ಕೆ ಇಟ್ಟರು. ಇಳಿದು ಇಳಿದು ಬಂದ ಗೆರೆ ಕೊನೆಯಲ್ಲಿ ಬಾಣದ ಹಾಗೆ ಮೇಲಕ್ಕೆ ಹಾರಿತ್ತು.

ಬಸವನಹುಳು ಕಾರಿಡಾರಿನಲ್ಲಿ ನಿಂತುಕೊಂಡೇ ಸಹಿ ಹಾಕಿದಳು. "ಮಷಿನ್ ನಿಮಗೆ ಬಂತು ಸರ್," ಎಂದಳು. ದೊಡ್ಡ ಡಾಕ್ಟರು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಐದು ತಿಂಗಳು ಅದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದವರು ಅದನ್ನು ಓದಲೂ ಇಲ್ಲ.

ಸಂಜೆ ಐದರ ಹೊತ್ತಿಗೆ ಇಬ್ಬರೂ ವಾರ್ಡಿಗೆ ಹೋದರು. ಬಾಗಿಲ ಹತ್ತಿರ ಅವಳು ನಿಂತಳು, ಅವರು ಮಂಚದ ಬಳಿಗೆ ಹೋದರು. ಲಿಫ್ಟಿನವನಿಗೆ ಎಚ್ಚರವಾಗಿತ್ತು. ಪಕ್ಕದಲ್ಲಿ ಅವನ ಹೆಂಡತಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಾ ಕೂತಿದ್ದಳು. ಅವರನ್ನು ಕಂಡೊಡನೆ ಎದ್ದುನಿಂತಳು.

"ಎಲ್ಲ ಸರಿಹೋಗಿದೆ," ಎಂದರು ದೊಡ್ಡ ಡಾಕ್ಟರು.

"ಕ್ಷಮಿಸಿ ಸಾರ್," ಎಂದ ಲಿಫ್ಟಿನವನು, ಒಣಗಿದ ಗಂಟಲಲ್ಲಿ. "ನಿಮ್ಮ ಒಳ್ಳೇ ಕೆಲಸ ನಾನು ಕೆಡಿಸಿಬಿಟ್ಟೆ."

"ಇವರದೇನೂ ತಪ್ಪಿಲ್ಲ ಸಾರ್, ನಂದು," ಎಂದಳು ಹೆಂಡತಿ ತಡೆದು. "ಮನೆ ಬದಲಾಯಿಸುವಾಗ ಬೀರು ಎತ್ತಿಸಿದ್ದು ನಾನೇ. ಇವರು ಆಗಲ್ಲ ಆಗಲ್ಲ ಅಂತಿದ್ರು. ನಮ್ಮಮ್ಮ ಕೊಟ್ಟ ಬೀರು, ಬೇರೆಯವರ ಕೈಗೆ ಕೊಟ್ಟರೆ ಎಲ್ಲಿ ತಗಡು ನೆಗ್ಗಿಸ್ತಾರೋ ಅಂತ ನಾನೇ ಹಠ ಹಿಡಿದೆ. ಅದಾದ ವಾರಕ್ಕೇ ಉಬ್ಬು ಬಂತು. ಇವರು ಬೆಲ್ಟ್ ಕಟ್ಟಿಕೊಳ್ಳೋದನ್ನ ನೋಡಿದಾಗೆಲ್ಲ ನನ್ನ ಹೊಟ್ಟೆ ಉರಿದುಹೋಗುತ್ತೆ."

"ಅದು ನಿಮ್ಮ ತಪ್ಪಲ್ಲ," ಎಂದರು ದೊಡ್ಡ ಡಾಕ್ಟರು. "ನನ್ನ ತಪ್ಪು."

ಲಿಫ್ಟಿನವನು ಕಣ್ಣರಳಿಸಿದ. ಆಮೇಲೆ ಅವನ ಮುಖದಲ್ಲಿ ನಿಧಾನವಾಗಿ ನಗು ಹರಡಿತು. "ನೋಡಿದ್ಯಾ?" ಎಂದ ಹೆಂಡತಿಗೆ. "ದೊಡ್ಡವರು ಅಂದ್ರೆ ಇವರು. ನಾವು ಮಾಡಿದ್ದನ್ನ ತಮ್ಮ ತಲೆ ಮೇಲೆ ಹಾಕ್ಕೊಂಡು ನಮ್ಮನ್ನ ಸಮಾಧಾನ ಮಾಡ್ತಿದಾರೆ. ಯಾರು ಮಾಡ್ತಾರೆ ಹೀಗೆ?"

ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಕೈ ಮುಗಿದಳು. ಪಕ್ಕದ ಮಂಚದವನೂ ಮೊಣಕೈ ಊರಿ ಎದ್ದು ದೊಡ್ಡ ಡಾಕ್ಟರನ್ನು ಭಕ್ತಿಯಿಂದ ನೋಡಿದ. ನಾಳೆ ಹೊತ್ತಿಗೆ ಈ ಮಾತು ಐದೂ ಮಹಡಿ ಹತ್ತಿ ಇಳಿದಿರುತ್ತದೆ ಎಂದು ದೊಡ್ಡ ಡಾಕ್ಟರಿಗೆ ಹೊಳೆಯಿತು. ನಿಜ ಹೇಳಬೇಕೆಂದರೆ, ಅದು ಹೊಳೆದಾಗ ಅವರಿಗೆ ಹಿತವಾಯಿತು. ಹೇಳಬೇಕಾದ್ದನ್ನು ಹೇಳಿಯೂ ಆಗಿದೆ, ಹೆಸರೂ ಉಳಿದಿದೆ. ಲಿಫ್ಟಿನವನ ಭುಜ ತಟ್ಟಿ ಬಾಗಿಲ ಕಡೆ ನಡೆದರು.

"ಅವರಿಗೆ ತಿಳೀತಾ ಸರ್?" ಎಂದು ಬಸವನಹುಳು ಕೇಳಿದಳು.

"ಹೇಳಿದೆನಲ್ಲ."

"ಹೇಳಿದ್ದು ಕೇಳಿಸ್ತು. ತಿಳೀತಾ ಅಂತ ಕೇಳಿದೆ."

ಸಹಿ ದೊಡ್ಡ ಡಾಕ್ಟರ ಜೇಬಿನಲ್ಲಿತ್ತು. ಹೊರಟುಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅವಳೂ ಅನ್ನುತ್ತಿರಲಿಲ್ಲ. ಅವರು ವಾಪಸು ತಿರುಗಿ, ಮೂಲೆಯಲ್ಲಿದ್ದ ಕುರ್ಚಿಯನ್ನು ಎಳೆದುಕೊಂಡು ಹೋಗಿ ಮಂಚದ ಪಕ್ಕ ಹಾಕಿ ಕೂತರು. ಪೇಷಂಟಿನ ಪಕ್ಕ ಅವರು ಕೂತದ್ದನ್ನು ಆ ವಾರ್ಡಿನಲ್ಲಿ ಯಾರೂ ನೋಡಿರಲಿಲ್ಲ. ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಅದೊಂದೇ ಕಾಗದ. ಅದರ ಹಿಂಬದಿಯಲ್ಲಿ ಪೆನ್ನಿನಿಂದ ಎರಡು ಸೊನ್ನೆ ಬರೆದರು.

"ಇಲ್ಲಿ ನೋಡಮ್ಮ," ಎಂದರು ಅವನ ಹೆಂಡತಿಗೆ. "ಇದು ನಾನು ಆವತ್ತು ಮುಚ್ಚಿದ ತೂತು. ಇವತ್ತಿಗೂ ಗಟ್ಟಿಯಾಗಿದೆ. ಇದು ಅದರ ಪಕ್ಕದ್ದು. ಆವತ್ತೂ ಇತ್ತು. ಹುಡುಕಬೇಕಿತ್ತು, ನಾನು ಹುಡುಕಲಿಲ್ಲ. ಅವಸರದಲ್ಲಿದ್ದೆ. ಉಬ್ಬು ಬಂದಿದ್ದು ಇದರಿಂದ. ಆಮೇಲೆ ನೀವು ತೋರಿಸೋಕೆ ಬಂದಾಗಲೂ ಸರಿಯಾಗಿ ನೋಡದೆ ನಿಮ್ಮ ಮೇಲೇ ಹಾಕಿಬಿಟ್ಟೆ."

ಲಿಫ್ಟಿನವನ ನಗು ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು, ಆಮೇಲೆ ಇರಲಿಲ್ಲ. ಅವನು ತಲೆ ಆಚೆಗೆ ತಿರುಗಿಸಿ ಗೋಡೆ ನೋಡತೊಡಗಿದ.

"ಹಾಗಾದ್ರೆ ಬೀರುವಿಂದ ಅಲ್ವಾ?" ಎಂದಳು ಹೆಂಡತಿ.

"ಅಲ್ಲ."

ಅವಳು ಕಾಗದವನ್ನು ಕೈಗೆ ತೆಗೆದುಕೊಂಡು ಎರಡು ಸೊನ್ನೆಗಳನ್ನೂ ನೋಡಿದಳು. ಅಳುತ್ತಾಳೆ ಎಂದು ದೊಡ್ಡ ಡಾಕ್ಟರು ಅಂದುಕೊಂಡರು. ಅವಳು ಅಳಲಿಲ್ಲ.

"ಆವತ್ತು ಇದನ್ನ ಹುಡುಕಿದ್ದಿದ್ರೆ ಇನ್ನೆಷ್ಟು ಹೊತ್ತು ಆಗ್ತಿತ್ತು ಸಾರ್?"

ಅಂಥ ಲೆಕ್ಕ ದೊಡ್ಡ ಡಾಕ್ಟರಿಗಿಂತ ಚೆನ್ನಾಗಿ ಬಲ್ಲವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ.

"ಎರಡು ನಿಮಿಷ," ಎಂದರು.

ಅವಳು ತಲೆಯಾಡಿಸಿದಳು. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಅವರ ಕೈಗೆ ವಾಪಸು ಕೊಟ್ಟಳು.

"ಆ ಬೀರು ಕಣ್ಣೆದುರಿಗೆ ಇಟ್ಟುಕೊಳ್ಳೋಕಾಗದೆ ಯಾರಿಗೋ ಕೊಟ್ಟುಬಿಟ್ಟೆ," ಎಂದಳು. ಆಮೇಲೆ ಗಂಡನ ಹೊದಿಕೆಯನ್ನು ಭುಜದವರೆಗೆ ಎಳೆದು ಸರಿಮಾಡುತ್ತಾ, "ನೀವು ಹೊರಡಿ ಸಾರ್, ಇವರು ಸ್ವಲ್ಪ ಮಲಗಲಿ," ಎಂದಳು.